ಭಾಷೆ ಬರೋದು ಬೇರೆ, ಕಲಿಸೋದು ಬೇರೆ

"ಜರ್ಮನ್ ಬಿ1 ಮುಗೀತು. ಇನ್ನೊಂದು ಲೆವೆಲ್ ಮುಗಿಸಿ ಟೀಚರ್ ಆಗಿಬಿಡ್ಲಾ?"

ಐಟಿ ಕಂಪನಿಗಳ ಊಟದ ಟೇಬಲ್‌ಗಳಲ್ಲಿ ಈಗ ಈ ಮಾತು ಆಗಾಗ ಕೇಳಿಬರುತ್ತೆ. ಕೆಲವರಿಗೆ ಲೇಆಫ್ ಭಯ. ಕೆಲವರಿಗೆ ಮಗು ಆದಮೇಲೆ ಮನೆಯಿಂದಲೇ ಮಾಡಬಹುದಾದ ಕೆಲಸ ಬೇಕು. ಇನ್ನು ಕೆಲವರಿಗೆ ನಿಜವಾಗಿಯೂ ಕೋಡಿಗಿಂತ ವ್ಯಾಕರಣವೇ ಹಿತ. ಕಾರಣ ಯಾವುದೇ ಇರಲಿ, ಪ್ರಶ್ನೆ ಒಳ್ಳೆಯದೇ. ಉತ್ತರ, ಆಗಬಹುದು. ಆದರೆ "ಟೀಚರ್" ಅನ್ನೋದು ಇಲ್ಲಿ ಒಂದು ಕೆಲಸ ಅಲ್ಲ, ಮೂರು ಕೆಲಸ. ಮೂರು ಬಾಗಿಲು, ಮೂರು ಬೇರೆ ಬೇರೆ ಬೀಗದ ಕೈ. ಯಾವ ಬಾಗಿಲು ಅಂತ ತೀರ್ಮಾನ ಮಾಡದೆ ಕೋರ್ಸಿನ ಫೀಸ್ ಕಟ್ಟಿದರೆ, ಕೈಯಲ್ಲಿ ಸರ್ಟಿಫಿಕೇಟ್ ಇರುತ್ತೆ, ಬಾಗಿಲು ಮಾತ್ರ ತೆರೆಯಲ್ಲ.

ಮೊದಲನೆಯದು ಶಾಲೆ. ತಿಂಗಳ ಸಂಬಳ, ಬೇಸಿಗೆ ರಜೆ, ಮಕ್ಕಳು. ಇಲ್ಲಿ ಸಾಮಾನ್ಯವಾಗಿ ಕೇಳೋದು ಆ ಭಾಷೆಯಲ್ಲೇ ಒಂದು ಪದವಿ, ಜೊತೆಗೆ ಬಿ.ಎಡ್. ಎಂಜಿನಿಯರಿಂಗ್ ಪದವಿ ಮತ್ತು ಬಿ2 ಸರ್ಟಿಫಿಕೇಟ್ ಹಿಡಿದು ಹೋದವರನ್ನು ಕೆಲವು ಖಾಸಗಿ ಶಾಲೆಗಳು ತೆಗೆದುಕೊಳ್ಳಬಹುದು. ಆದರೆ ಹತ್ತು ವರ್ಷದ ಭವಿಷ್ಯವನ್ನು ಆ "ಬಹುದು" ಮೇಲೆ ಕಟ್ಟೋಕಾಗಲ್ಲ.

ಎರಡನೆಯದು ಭಾಷಾ ಸಂಸ್ಥೆಗಳು ಮತ್ತು ಆನ್‌ಲೈನ್ ತರಗತಿ. ಬೆಂಗಳೂರಿನಲ್ಲಿ ಜರ್ಮನ್‌ಗೆ ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ನಾವು ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯೋದು, ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಇವಲ್ಲದೆ ಗಲ್ಲಿಗೊಂದು ಖಾಸಗಿ ಕ್ಲಾಸು. ಇಲ್ಲಿ ಪದವಿಗಿಂತ ಲೆವೆಲ್ ಮುಖ್ಯ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಗಂಭೀರವಾಗಿ ಕಲಿಸಬೇಕು ಅಂದ್ರೆ ಸಿ1 ಗುರಿ ಇಟ್ಟುಕೊಳ್ಳಿ. ಅದರ ಮೇಲೆ ಕಲಿಸುವ ತರಬೇತಿ ಬೇರೆ. ಗೋಥೆ ಇನ್‌ಸ್ಟಿಟ್ಯೂಟ್ ಇದಕ್ಕಾಗಿಯೇ "ಡಾಯ್ಚ್ ಲೇರೆನ್ ಲೆರ್ನೆನ್" ಅನ್ನುವ ಕಾರ್ಯಕ್ರಮ ನಡೆಸುತ್ತೆ. ಹೆಸರಿನ ಅರ್ಥವೇ "ಜರ್ಮನ್ ಕಲಿಸುವುದನ್ನು ಕಲಿಯುವುದು".

ಮೂರನೆಯದು ಕಾಲೇಜು, ವಿಶ್ವವಿದ್ಯಾಲಯ. ಇದಕ್ಕೆ ಆ ಭಾಷೆಯಲ್ಲಿ ಎಂ.ಎ., ನಂತರ ಯುಜಿಸಿ ನೆಟ್ ಅಥವಾ ಪಿಎಚ್‌ಡಿ. ಫ್ರೆಂಚ್, ಜರ್ಮನ್, ಜಪಾನೀಸ್, ಸ್ಪ್ಯಾನಿಷ್, ರಷ್ಯನ್, ಚೈನೀಸ್ ಎಲ್ಲಕ್ಕೂ ನೆಟ್ ಪರೀಕ್ಷೆ ಇದೆ. ಓದೋಕೆ ಹೈದರಾಬಾದಿನ ಇಫ್ಲು, ದೆಹಲಿಯ ಜೆಎನ್‌ಯು ಹೆಸರಾದ ಜಾಗಗಳು. ಹುದ್ದೆಗಳು ಕಡಿಮೆ, ಕಾಯುವಿಕೆ ಹೆಚ್ಚು. ಸಾಹಿತ್ಯ, ಭಾಷಾವಿಜ್ಞಾನದ ಹುಚ್ಚು ಇದ್ದವರಿಗೆ ಮಾತ್ರ ಈ ದಾರಿ.

ಸಮಯದ ಲೆಕ್ಕ

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸೋಕೆ ಒಂದು ಸಂಸ್ಥೆ ಇಟ್ಟಿದೆ. ಅವರ ಅನುಭವದ ಪ್ರಕಾರ, ಇಂಗ್ಲಿಷ್ ಮಾತನಾಡುವವರು ಕೆಲಸಕ್ಕೆ ಬರುವಷ್ಟು ಜರ್ಮನ್ ಕಲಿಯೋಕೆ ಸುಮಾರು 900 ಗಂಟೆ ತರಗತಿ ಬೇಕು. ಜಪಾನೀಸ್‌ಗೆ 2200 ಗಂಟೆ. ಮನೆಯ ಓದು ಇದಕ್ಕೆ ಸೇರಿಲ್ಲ.

ಕೆಲಸದಲ್ಲಿರುವ ನೀವು ವಾರಕ್ಕೆ 8 ಗಂಟೆ ಕೊಡ್ತೀರಿ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 400 ಗಂಟೆ. ಜರ್ಮನ್‌ಗೆ ಎರಡೂಕಾಲು ವರ್ಷ, ಜಪಾನೀಸ್‌ಗೆ ಐದೂವರೆ ವರ್ಷ. ರಿಲೀಸ್ ವಾರಗಳಲ್ಲಿ ತಪ್ಪಿದ ತರಗತಿಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಹಾಗಾಗಿ "ಆರು ತಿಂಗಳಲ್ಲಿ ಟೀಚರ್ ಆಗಿ" ಅನ್ನೋ ಜಾಹೀರಾತು ಕಂಡರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಈಗಿರುವ ಕೆಲಸ ಬಿಟ್ಟು ಕಲಿಯೋದಕ್ಕಿಂತ, ಕೆಲಸದಲ್ಲಿದ್ದುಕೊಂಡೇ ಬಿ2 ದಾಟೋದು ಕ್ಷೇಮ.

ಜಪಾನೀಸ್ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ. ಅದರ ಹೆಸರಾಂತ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ. ಆದರೆ ಯಾವ ಹಂತದಲ್ಲೂ ಮಾತಾಡುವ ಪರೀಕ್ಷೆ ಇಲ್ಲ. ಎನ್2 ಪಾಸಾಗಿ ಎರಡು ವಾಕ್ಯ ಸರಾಗವಾಗಿ ಆಡಲು ತಡವರಿಸುವವರು ಇರ್ತಾರೆ. ಕಲಿಸುವವರಿಗೆ ಅದು ಸಾಲದು.

ದುಡ್ಡಿನ ಲೆಕ್ಕ

ಸಂಸ್ಥೆಗಳಲ್ಲಿ ಬಹುಪಾಲು ಸಂಭಾವನೆ ಗಂಟೆ ಲೆಕ್ಕದಲ್ಲಿ. ಬರೀ ಲೆಕ್ಕಕ್ಕೆ, ಗಂಟೆಗೆ 800 ರೂಪಾಯಿ ಅಂತ ಇಟ್ಟುಕೊಳ್ಳೋಣ. ವಾರಕ್ಕೆ 20 ಗಂಟೆ ಪಾಠ, ನಾಲ್ಕು ವಾರಕ್ಕೆ 64,000. ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಎರಡು ಗಂಟೆ ಪಾಠಕ್ಕೆ ಒಂದು ಗಂಟೆ ತಯಾರಿ, ತಿದ್ದುವ ಕೆಲಸ ಅಂತ ಹಿಡಿದರೆ ನೀವು ದುಡಿದದ್ದು 80 ಗಂಟೆ ಅಲ್ಲ, 120 ಗಂಟೆ. ಗಂಟೆಗೆ ಸಿಕ್ಕಿದ್ದು 533. ಬ್ಯಾಚ್ ತುಂಬದ ತಿಂಗಳು ಬೇರೆ ಇರುತ್ತೆ. ಪಿಎಫ್, ವಿಮೆ ನೀವೇ ನೋಡಿಕೊಳ್ಳಬೇಕು. ಸಂದರ್ಶನಕ್ಕೆ ಹೋದಾಗ ಗಂಟೆಯ ದರ ಮಾತ್ರ ಕೇಳಬೇಡಿ. ವರ್ಷಕ್ಕೆ ಎಷ್ಟು ವಾರ ತರಗತಿ ಖಾತ್ರಿ, ಬ್ಯಾಚ್ ರದ್ದಾದರೆ ಏನು ಅಂತಲೂ ಕೇಳಿ.

ಗಾಳಿ ತಿರುಗಿದರೆ?

ಭಾಷಾ ಶಿಕ್ಷಕರ ಬದುಕು ಸರ್ಕಾರಗಳ ನಿರ್ಧಾರಕ್ಕೆ ನೇರವಾಗಿ ಅಂಟಿಕೊಂಡಿದೆ. 2014ರ ನವೆಂಬರ್‌ನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ ಅನ್ನು ಶಾಲಾ ವರ್ಷದ ನಡುವೆಯೇ ತೆಗೆದು ಸಂಸ್ಕೃತ ತಂದರು. ಸರಿಯೋ ತಪ್ಪೋ ಅನ್ನುವ ಚರ್ಚೆ ಪತ್ರಿಕೆಗಳಲ್ಲಿ ನಡೀತು, ಟೈಮ್‌ಟೇಬಲ್ ಬದಲಾಗಿದ್ದು ಜರ್ಮನ್ ಟೀಚರುಗಳದ್ದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕೊರಿಯನ್, ಜಪಾನೀಸ್, ಫ್ರೆಂಚ್, ಜರ್ಮನ್‌ನಂಥ ಭಾಷೆಗಳಿಗೆ ಅವಕಾಶ ಇರಲಿ ಅನ್ನುತ್ತೆ. ಅದೇ ನೀತಿ, ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತದವೇ ಆಗಿರಬೇಕು ಅಂತಲೂ ಹೇಳುತ್ತೆ. ಇಂಗ್ಲಿಷ್ ಒಂದು ಜಾಗ ಹಿಡಿದ ಮೇಲೆ ಫ್ರೆಂಚ್‌ಗೆ ಉಳಿಯೋದು ಐಚ್ಛಿಕ ಜಾಗ. ನಮ್ಮಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯೂ ಇದೆ. ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಅದು ಆಗಬೇಕಾದದ್ದೇ. ಆದರೆ ಶಾಲೆಯಲ್ಲಿ ಫ್ರೆಂಚ್ ಕಲಿಸೋಕೆ ಹೊರಟವರು ಈ ಲೆಕ್ಕ ತಿಳಿದುಕೊಂಡಿರಬೇಕು. ಐಬಿ ಡಿಪ್ಲೊಮಾದಂಥ ಪಠ್ಯಕ್ರಮದಲ್ಲಿ ಇನ್ನೊಂದು ಭಾಷೆಯ ಅಧ್ಯಯನಕ್ಕೆ ಖಾಯಂ ಜಾಗ ಇರೋದರಿಂದ, ಆ ಶಾಲೆಗಳಲ್ಲಿ ಸ್ವಲ್ಪ ಭದ್ರತೆ ಹೆಚ್ಚು.

ಸಂಸ್ಥೆಗಳ ಕಡೆ ಈಗ ಗಾಳಿ ಜೋರಾಗಿದೆ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳ ಮಿತಿಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರಲ್ಲಿ ಹೇಳಿತು. ಅಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಗಂಡನ ಜೊತೆ ಅಥವಾ ಹೆಂಡತಿಯ ಜೊತೆ ಇರಲು ಹೋಗುವವರಿಗೂ ಬಹಳ ಸಂದರ್ಭಗಳಲ್ಲಿ ಎ1 ಬೇಕು. ಇವರಿಗೆಲ್ಲ ಯಾರಾದರೂ ಕಲಿಸಬೇಕಲ್ಲ! ಅನುವಾದದ ಆ್ಯಪ್ ಇದೆ ನಿಜ. ಆದರೆ ಪರೀಕ್ಷಕರ ಎದುರು ಕೂತು ಮಾತಾಡಬೇಕಾದವರು ಆ್ಯಪ್ ಅಲ್ಲ, ಅವರೇ. ಅವರ ಬಾಯಿ ತೆರೆಸೋಕೆ ಮನುಷ್ಯರೇ ಬೇಕು.

ನಮ್ಮ ಕೈಯಲ್ಲಿರುವ ತುರುಪು

ಈ ಕಲಿಯುವವರು ಎಲ್ಲಿಂದ ಬರ್ತಾರೆ ನೋಡಿ. ಹಾಸನದ ನರ್ಸಿಂಗ್ ಕಾಲೇಜಿನಿಂದ, ಹಾವೇರಿಯಿಂದ, ಕಲಬುರಗಿಯಿಂದ. ತರಗತಿಯಲ್ಲಿ ವಿವರಣೆ ಮಾತ್ರ ಇಂಗ್ಲಿಷಿನಲ್ಲಿ. ಒಂದು ಹೊಸ ಭಾಷೆಯನ್ನು, ಸರಿಯಾಗಿ ಬಾರದ ಇನ್ನೊಂದು ಭಾಷೆಯ ಮೂಲಕ ಕಲಿಯಬೇಕು.

ಒಂದು ಉದಾಹರಣೆ. "ನನಗೆ ಚಳಿ ಆಗ್ತಿದೆ" ಅನ್ನೋಕೆ ಜರ್ಮನ್‌ನಲ್ಲಿ "ಮಿರ್ ಇಸ್ಟ್ ಕಾಲ್ಟ್". ಇಂಗ್ಲಿಷ್ ಮೂಲಕ ಬಂದವರು ಇದನ್ನು "ನಾನು ಚಳಿ ಇದ್ದೇನೆ" ಅನ್ನುವ ಹಾಗೆ "ಇಶ್ ಬಿನ್ ಕಾಲ್ಟ್" ಅಂತಾರೆ. ಅದು "ನಾನು ಕಲ್ಲುಹೃದಯದವನು" ಅನ್ನುವ ಕಡೆ ಹೋಗುತ್ತೆ. ಆದರೆ "ಮಿರ್" ಅಂದರೆ ನಮ್ಮ "ನನಗೆ". ಚತುರ್ಥಿ ವಿಭಕ್ತಿ, ಅಷ್ಟೇ! ಶಾಲೆಯಲ್ಲಿ ಬೈಸಿಕೊಂಡು ಕಲಿತ ವಿಭಕ್ತಿ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತೆ.

ಜಪಾನೀಸ್ ಇನ್ನೂ ಹತ್ತಿರ. "ವಾತಾಶಿ ವಾ ಗೊಹಾನ್ ಓ ತಾಬೆಮಾಸು" ಅಂದರೆ "ನಾನು ಅನ್ನವನ್ನು ತಿನ್ನುತ್ತೇನೆ". ಪದಗಳ ಸಾಲು ಒಂದೇ, "ಓ" ಅನ್ನೋದು ನಮ್ಮ "ಅನ್ನು". "ತಾಬೆತೆ ಮಿರು" ಅಂದರೆ ಅಕ್ಷರಶಃ "ತಿಂದು ನೋಡು". ಕಣ್ಣಿನಿಂದ ನೋಡೋದಲ್ಲ, ರುಚಿ ನೋಡೋದು. ಇಂಗ್ಲಿಷ್ ಪುಸ್ತಕ ಅರ್ಧ ಪುಟ ವಿವರಿಸುವುದನ್ನು ಕನ್ನಡದ ಟೀಚರ್ ಎರಡು ಪದದಲ್ಲಿ ಮುಗಿಸಬಹುದು. ಕನ್ನಡದಲ್ಲಿ ವಿವರಿಸಬಲ್ಲ, ಸಿ1 ಅಥವಾ ಎನ್2 ಮಟ್ಟದ ಟೀಚರ್‌ಗೆ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಕೆಲಸ ಇದೆ ಅಂತ ನನ್ನ ನಂಬಿಕೆ.

ಹಾಗಾದ್ರೆ ಮೊದಲ ಹೆಜ್ಜೆ ಏನು? ಈ ವಾರ ಹತ್ತು ಕೆಲಸದ ಜಾಹೀರಾತು ತೆರೆದು, ಅವರು ಕೇಳುವ ಪದವಿ, ಲೆವೆಲ್, ಬಿ.ಎಡ್. ಮೂರನ್ನೂ ಒಂದು ಶೀಟಿನಲ್ಲಿ ಬರೆಯಿರಿ. ನಿಮ್ಮ ಬಾಗಿಲು ಯಾವುದು ಅಂತ ಗೊತ್ತಾಗುತ್ತೆ. ಆಮೇಲೆ ನಿಮಗಿಂತ ಕೆಳಗಿನ ಲೆವೆಲ್‌ನಲ್ಲಿರುವ ಒಬ್ಬರಿಗೆ ನಾಲ್ಕು ಭಾನುವಾರ ಪುಕ್ಕಟೆ ಪಾಠ ಮಾಡಿ. ಅವರು ಒಂದೇ ತಪ್ಪನ್ನು ಆರನೇ ಸಲ ಮಾಡಿದಾಗ ನಿಮಗೆ ಸಿಟ್ಟು ಬಂತೋ, ಅಥವಾ ಏಳನೇ ರೀತಿಯಲ್ಲಿ ಹೇಗೆ ಹೇಳಲಿ ಅಂತ ಕುತೂಹಲ ಹುಟ್ಟಿತೋ ಗಮನಿಸಿ. ಕುತೂಹಲ ಹುಟ್ಟಿದರೆ ಫೀಸ್ ಕಟ್ಟಿ.