ಬೀರುವಿನಲ್ಲಿ ಸೀರೆ ಇರಲಿ, ಕೋವಿ ಬೇಡ



ಉಪ್ಪಿನಕಾಯಿ ಜಾಡಿ, ಅಕ್ಕಿಯ ಹುಳು, ರೇಷ್ಮೆ ಸೀರೆಯ ಮಡಿಕೆ ಅಂತ ಬರೆದುಕೊಂಡಿದ್ದವಳು ಈ ಸಲ ಕೋವಿಯ ಮಾತೆತ್ತಿದ್ದೇನೆ. "ಇದೇನು ಬಂತು ಇವಳಿಗೆ, ಕೋವಿ ಗಂಡಸರ ವಿಷಯವಲ್ಲವೇ?" ಎಂದು ನೀವು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೋವಿ ಗಂಡಸರದಾದರೂ ಅದನ್ನು ಇಡುವ ಬೀರು ನಮ್ಮದು. ಬೀರುವಿನ ಬೀಗದ ಕೈ ನಮ್ಮ ಸೊಂಟದಲ್ಲಿ. ಆ ಕೋಣೆಯಲ್ಲಿ ಆಡುವ ಮಕ್ಕಳೂ ನಮ್ಮವೇ. ಮಲೆನಾಡು, ಕರಾವಳಿ, ಕೊಡಗಿನ ಎಷ್ಟೋ ಮನೆಗಳಲ್ಲಿ, ಸೈನ್ಯದಿಂದ ನಿವೃತ್ತರಾದವರ ಮನೆಗಳಲ್ಲಿ ಲೈಸೆನ್ಸ್ ಇರುವ ಕೋವಿ ಇದೆ. ಅಂಥ ಮನೆಯ ಸೋದರಿಯರಿಗಾಗಿ ಈ ಬರಹ.

ನಮ್ಮ ಮಾವನವರು ಸಕಲೇಶಪುರದ ಕಡೆಯವರು, ಕಾಫಿ ತೋಟ ಮಾಡಿಕೊಂಡಿದ್ದವರು. ಹಂದಿ, ಕೋತಿ ನುಗ್ಗಿದರೆ ಗಾಳಿಗೆ ಗುಂಡು ಹಾರಿಸಿ ಬೆದರಿಸಲು ಲೈಸೆನ್ಸ್ ಪಡೆದು ಒಂದು ಜೋಡುನಳಿಗೆ ಕೋವಿ ಇಟ್ಟುಕೊಂಡಿದ್ದರು. ಅತ್ತೆ ತೀರಿಕೊಂಡ ಮೇಲೆ ಒಬ್ಬರೇ ಇರಲಾರದೆ ಯಲಹಂಕದ ನಮ್ಮ ಮನೆಗೆ ಬಂದರು. ಹಾಸಿಗೆ, ಟ್ರಂಕು, ಅತ್ತೆಯ ಫೋಟೊ ಜೊತೆಗೆ ಕೋವಿಯೂ ಬಂತು. ಲೈಸೆನ್ಸಿನಲ್ಲಿ ಹೊಸ ವಿಳಾಸ ಬರೆಸುವ ಕೆಲಸವನ್ನು ನಮ್ಮ ಯಜಮಾನರು ಓಡಾಡಿ ಮುಗಿಸಿದರು. ಕೋವಿ ಎಲ್ಲಿಡುವುದು ಅಂತ ಮಾತ್ರ ಯಾರೂ ಯೋಚಿಸಲಿಲ್ಲ. ಮನೆಯಲ್ಲಿ ಬೀಗ ಇರುವುದು ಒಂದೇ ಬೀರು. ನಾನೇ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಸೀರೆಗಳ ಹಿಂದೆ ನಿಲ್ಲಿಸಿದೆ. ತೋಟಾಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ಅದೇ ಬೀರುವಿನ ಕೆಳಗಿನ ಅರೆಯಲ್ಲಿ. ಬೀಗದ ಕೈ ದೇವರ ಫೋಟೊದ ಹಿಂದಿನ ಮೊಳೆಗೆ.

ಕಳೆದ ಬೇಸಿಗೆ ರಜೆಗೆ ನಾದಿನಿಯ ಮಗ ಬಂದಿದ್ದ. ಎಂಟು ವರ್ಷದ ಹುಡುಗ. ಊಟ ಬಿಟ್ಟು ಮೊಬೈಲ್ ನೋಡುತ್ತಾನೆಂದು ನಾದಿನಿ ಅದನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮಧ್ಯಾಹ್ನ ನಾವಿಬ್ಬರೂ ಮಹಡಿಯ ಮೇಲೆ ಸಂಡಿಗೆ ತಿರುವಿಹಾಕುತ್ತಿದ್ದೆವು. ಕೆಳಗಿಳಿದು ಬಂದು ನೋಡುತ್ತೇನೆ, ದೇವರ ಫೋಟೊ ಕೆಳಗೆ ಸ್ಟೂಲು, ಬೀರು ಹಾರುಬಡಿದಿದೆ, ಹುಡುಗ ಮಂಚದ ಮೇಲೆ ಕೂತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಿಯ ಕಡೆ ಗುರಿ ಹಿಡಿದಿದ್ದಾನೆ. ಕನ್ನಡಿಯಲ್ಲಿ ನಾನು. ಟಕ್ ಅಂತ ಕುದುರೆ ಎಳೆದ ಸದ್ದಾಯಿತು.

ಕೋವಿ ಖಾಲಿ ಇತ್ತು, ಏನೂ ಆಗಲಿಲ್ಲ. ಆದರೆ ತೋಟಾದ ಡಬ್ಬಿ ಅವನ ಕಾಲಿನಿಂದ ಮೊಳದಷ್ಟು ದೂರದಲ್ಲಿತ್ತು, ಮುಚ್ಚಳ ತೆಗೆದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನನ್ನು ಬೈಯಲೂ ಬಾಯಿ ಬರಲಿಲ್ಲ. ಇಟ್ಟವಳು ನಾನೇ ಅಲ್ಲವೇ? ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ನಮ್ಮ ಪುಣ್ಯ, ಊರು ಉಳಿದಿತ್ತು. ಬಾಗಿಲು ಹಾಕುವುದು ಬಾಕಿ ಇತ್ತು.

ಮಾರನೆಯ ದಿನ ನಮ್ಮ ಬೀದಿಯಲ್ಲೇ ಇರುವ ಕೊಡಗಿನ ಅಕ್ಕನ ಮನೆಗೆ ಹೋದೆ. ಅವರ ಯಜಮಾನರು ಸೈನ್ಯದಲ್ಲಿದ್ದವರು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆಯೆಂದು ನೀವು ಕೇಳಿರಬಹುದು. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ರಿಯಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೊಡಗಿನ ಹೊರಗೆ ವಾಸ ಮಾಡುವಾಗ ಮಾತ್ರ ಒಂದು ರೈಫಲ್ಲು, ಒಂದು ತೋಟಾ ಕೋವಿ ಎಂಬ ಮಿತಿ ಉಂಟು. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಒರೆಸಿ, ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ.

ನಾನು ನಡೆದದ್ದನ್ನು ಹೇಳಿದಾಗ ಆ ಅಕ್ಕ ನಗಲಿಲ್ಲ. "ಪೂಜೆ ಮಾಡೋ ವಸ್ತುವನ್ನು ಸೀರೆ ಸಂದಿಯಲ್ಲಿ ಇಡ್ತಾರೇನಮ್ಮಾ?" ಅಂದರು. ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಬಿಗಿದ ಕಬ್ಬಿಣದ ಕಪಾಟು ತೋರಿಸಿದರು. ಬಾಗಿಲು ತೆಗೆದು ತೋರಿಸಿ ಎಂದೆ. "ಅದರ ಕೀಲಿಕೈ ನನ್ನ ಹತ್ರ ಇಲ್ಲ. ಇರಬಾರದು ಕೂಡ" ಅಂದರು. ಮನೆಯ ಎಲ್ಲ ಬೀಗದ ಕೈಯೂ ನಮ್ಮ ಕೈಯಲ್ಲಿರಬೇಕೆಂದು ಬಯಸುವವರು ನಾವು. ಒಂದು ಕೀಲಿಕೈ ನಮ್ಮ ಹತ್ತಿರ ಇರಬಾರದೆಂದು ಅವತ್ತು ನನಗೆ ಹೊಳೆಯಿತು.

ಬೀಗ ಯಾರಿಗಾಗಿ?

ಕಳ್ಳನಿಗಾಗಿ ಅಂತ ಎಲ್ಲರೂ ಹೇಳುತ್ತಾರೆ. ಕಳ್ಳ ಬರುವುದು ಯಾವಾಗಲೋ ಒಮ್ಮೆ. ಮಕ್ಕಳು ದಿನವೂ ಮನೆಯಲ್ಲೇ ಇರುತ್ತಾರೆ. ಇನ್ನೊಂದು ಮಾತು, ಸಂಕೋಚವಾದರೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಫೇಲಾದ ಹುಡುಗ, ಸಾಲಕ್ಕೆ ಸಿಕ್ಕಿ ಕುಗ್ಗಿದವರು, ಕುಡಿದು ಬಂದು ಜಗಳಕ್ಕೆ ನಿಂತವರು — ಯಾವ ಮನೆಗೂ ಕೆಟ್ಟ ಘಳಿಗೆ ತಪ್ಪಿದ್ದಲ್ಲ. ಆ ಘಳಿಗೆ ಬಹಳ ಹೊತ್ತು ಇರುವುದಿಲ್ಲ. ಗಟ್ಟಿ ಬೀಗವಿದ್ದರೆ ಅದು ಕಳೆದುಹೋಗಲು ಸಮಯ ಸಿಗುತ್ತದೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟಿದೆ ಎನಿಸಿದರೆ ಬೀಗವನ್ನೂ ನಂಬಬೇಡಿ. ಲೈಸೆನ್ಸುದಾರರಿಗೆ ಹೇಳಿ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಇಡಿಸಿ, ರಸೀದಿ ಪಡೆಯಿರಿ. ನಾಚಿಕೆಪಡುವ ವಿಷಯವೇನಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಮಾವನವರ ಕೋವಿ ಎರಡು ತಿಂಗಳ ಮೇಲೆ ಠಾಣೆಯಲ್ಲಿತ್ತು. ಮನೆಗೆ ಏನೂ ಕೊರತೆಯಾಗಲಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಕೋವಿ ಅವರ ವಶದಲ್ಲಿರಬೇಕು. 2016ರ ನಿಯಮಗಳಲ್ಲಿ ಕೋವಿಯನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನೂ ಲೈಸೆನ್ಸುದಾರರ ಮೇಲೆ ಹಾಕಿದ್ದಾರೆ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಮದುವೆ, ಮೆರವಣಿಗೆಯಲ್ಲಿ ಹುಡುಗಾಟಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಪಾಟು ಆರಿಸುವಾಗ

ಮೊದಲು ಅಳತೆ. ಲೈಸೆನ್ಸುದಾರರೇ ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ ಟೇಪು ಹಿಡಿಯಲಿ. ಮಾವನವರದು 46 ಇಂಚು. ಹಾಗಾಗಿ 54 ಇಂಚು ಎತ್ತರ, 14 ಇಂಚು ಅಗಲ, 12 ಇಂಚು ಆಳದ ಕಪಾಟು ನಮಗೆ ಸಾಕಾಯಿತು. ಜೋಡುನಳಿಗೆ ಕೋವಿಯನ್ನು ನಳಿಗೆ ಬೇರೆ, ಮರದ ಹಿಡಿ ಬೇರೆ ಮಾಡಿ ಇಡಲು ಬರುತ್ತದೆ. ಹಾಗಿಟ್ಟರೆ ಇನ್ನೂ ಕ್ಷೇಮ, ಚಿಕ್ಕ ಕಪಾಟೂ ಸಾಕು.

ಎರಡನೆಯದು ತಗಡಿನ ದಪ್ಪ. ಅಂಗಡಿಯವರು ಗೇಜಿನಲ್ಲಿ ಹೇಳುತ್ತಾರೆ. ಒಂದು ಗುಟ್ಟು ತಿಳಿದಿರಲಿ: ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. ಬಟ್ಟೆ ಬೀರುಗಳಿಗೆ ಸಾಮಾನ್ಯವಾಗಿ 20 ಅಥವಾ 22 ಗೇಜ್, ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಅದಕ್ಕಿಂತ ತೆಳುವಾದದ್ದು ಕೋವಿಗೆ ಬೇಡ, 3 ಮಿ.ಮೀ. ಸಿಕ್ಕರೆ ಒಳ್ಳೆಯದು. ನಾವು ಹೋದ ಮೊದಲ ಅಂಗಡಿಯವನು "ಇದು ಭಾರೀ ಗಟ್ಟಿ ಅಮ್ಮಾ, 20 ಗೇಜು" ಎಂದು ಹೆಮ್ಮೆಯಿಂದ ಹೇಳಿದ. ತಿಳಿಯದಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಕಡೆಗೆ ಪೀಣ್ಯದ ಒಂದು ಶೆಡ್ಡಿನಲ್ಲಿ ಹೇಳಿ ಮಾಡಿಸಿದೆವು.

ಮೂರನೆಯದು ಬಾಗಿಲು. ಬೀಗ ಹಾಕಿಸಿ, ದೋಸೆ ಮಗುಚುವ ಕೈಯಷ್ಟು ತೆಳುವಾದ ಪಟ್ಟಿಯನ್ನು ಬಾಗಿಲ ಸಂದಿಗೆ ತೂರಿಸಿ ನೋಡಿ. ಅದು ಹೋದರೆ ಕಳ್ಳನ ಹಾರೆಯ ತುದಿಯೂ ಹೋಗುತ್ತದೆ. ಬೀಗ ತಿರುಗಿಸಿದಾಗ ಕಬ್ಬಿಣದ ಸರಳುಗಳು ಒಂದೇ ಕಡೆಯಲ್ಲ, ಮೇಲೆ ಕೆಳಗೂ ಹೊರಬರಬೇಕು. ತಿರುಗಣೆಯ ಕಡೆಯೂ ಒಂದು ಸರಳು ಇರಬೇಕು. ಇಲ್ಲದಿದ್ದರೆ ತಿರುಗಣೆ ಕತ್ತರಿಸಿದರೆ ಬಾಗಿಲೇ ಕಳಚಿಬರುತ್ತದೆ. ಗಾಜಿನ ಬಾಗಿಲಿನ ಷೋಕೇಸು ಎಷ್ಟು ಚೆನ್ನಾಗಿದ್ದರೂ ಬೇಡವೇ ಬೇಡ.

ನಾಲ್ಕನೆಯದು ಬೀಗ. ಕೀಲಿಕೈಯದಾದರೆ ಹೆಚ್ಚು ಲಿವರಿನದು ತೆಗೆದುಕೊಳ್ಳಿ. ನಂಬರ್ ಬೀಗವಾದರೆ ಮೊಮ್ಮಗನ ಹುಟ್ಟಿದ ದಿನವನ್ನು ನಂಬರು ಮಾಡಬೇಡಿ, ಮನೆಮಂದಿಗೆಲ್ಲ ಮೊದಲು ಹೊಳೆಯುವುದು ಅದೇ. ಬ್ಯಾಟರಿಯದಾದರೆ ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿ, ಅದಕ್ಕೆ ಕೊಡುವ ತುರ್ತು ಕೀಲಿಕೈಯನ್ನೂ ಬೀಗದ ಕೈಯಷ್ಟೇ ಜೋಪಾನ ಮಾಡಿ.

ತೋಟಾಗಳಿಗೆ ಬೇರೆಯೇ ಪೆಟ್ಟಿಗೆ, ಬೇರೆಯೇ ಬೀಗ. ಒಲೆ, ಗ್ಯಾಸು, ದೇವರ ದೀಪದ ಹತ್ತಿರ ಇಡಕೂಡದು. ಅಜ್ಜನ ಕಾಲದ ಮದ್ದು ಅಟ್ಟದ ಮೇಲೆ ಉಳಿದಿದ್ದರೆ ಮುಟ್ಟಬೇಡಿ, ಬಿಸಿಲಿಗೂ ಹಾಕಬೇಡಿ. ಠಾಣೆಗೆ ತಿಳಿಸಿ.

ಬಿಗಿಯುವುದು, ಒಣಗಿಸುವುದು

ನಾನು ಹೇಳಿದ ಅಳತೆಯ ಕಪಾಟು 3 ಮಿ.ಮೀ. ತಗಡಿನದಾದರೆ ಸುಮಾರು 50 ಕಿಲೋ ತೂಗುತ್ತದೆ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ, ಅದನ್ನು ಹುಡುಗನೊಬ್ಬ ಹೆಗಲ ಮೇಲೆ ಹೊತ್ತು ಮಹಡಿ ಹತ್ತುತ್ತಾನೆ. ಅಂದಮೇಲೆ ಇಬ್ಬರು ಕಳ್ಳರಿಗೆ ಈ ಕಪಾಟು ಏನು ಲೆಕ್ಕ? ಆದ್ದರಿಂದ ಒಳಗಿನಿಂದ ಬೋಲ್ಟು ಹಾಕಿ ಗೋಡೆಗೂ ನೆಲಕ್ಕೂ ಬಿಗಿಸಲೇಬೇಕು. ನಾಲ್ಕಿಂಚಿನ ಅಡ್ಡಗೋಡೆ ಬೋಲ್ಟು ಹಿಡಿಯುವುದಿಲ್ಲ. ಒಂಬತ್ತಿಂಚಿನ ಗೋಡೆ ಇಲ್ಲವೇ ಕಾಂಕ್ರೀಟು ಕಂಬ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಗೋಡೆ ಕೊರೆಸಿ. ಬಚ್ಚಲಿಗೆ ತಾಗಿದ ಗೋಡೆ ಬೇಡ, ತೇವ ಬರುತ್ತದೆ. ಹಾಲಿನಲ್ಲೂ ಬೇಡ, ಬಂದವರಿಗೆಲ್ಲ ಕಾಣುತ್ತದೆ.

ಮಳೆಗಾಲದಲ್ಲಿ ಮುಚ್ಚಿದ ಕಪಾಟಿನೊಳಗೆ ತುಕ್ಕು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡಿಸಿ, ಬಣ್ಣ ಬದಲಾದರೆ ಹೊಸದು ಹಾಕಿಸಿ. ಅದನ್ನು ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ಕೋವಿಯನ್ನು ಪಂಚೆಯಲ್ಲೋ ಚರ್ಮದ ಚೀಲದಲ್ಲೋ ಸುತ್ತಿಟ್ಟರೆ ಅದೇ ತೇವ ಹಿಡಿದಿಡುತ್ತದೆ. ಒರೆಸಲು ಕೊಬ್ಬರಿ ಎಣ್ಣೆ ಬೇಡ, ಅಂಟು ಕಟ್ಟುತ್ತದೆ. ಅದಕ್ಕೆಂದೇ ಸಿಗುವ ಎಣ್ಣೆ ಸ್ವಲ್ಪವೇ ಸಾಕು.

ಕೊನೆಗೆ ಕೀಲಿಕೈ

ಇಷ್ಟೆಲ್ಲ ಮಾಡಿ ಕೀಲಿಕೈಯನ್ನು ಮತ್ತೆ ದೇವರ ಫೋಟೊ ಹಿಂದೆ ನೇತುಹಾಕಿದರೆ ಕೊಟ್ಟ ದುಡ್ಡು ನೀರುಪಾಲು. ಅಕ್ಕಿ ಡಬ್ಬಿ, ತಲೆದಿಂಬಿನ ಕೆಳಗೆ, ಗಡಿಯಾರದ ಹಿಂದೆ — ಇವು ಮಕ್ಕಳಿಗೆ ಗೊತ್ತಿಲ್ಲದ ಜಾಗಗಳೆಂದು ತಿಳಿದಿರುವವರು ನಾವು ಮಾತ್ರ. ಕೀಲಿಕೈ ಲೈಸೆನ್ಸುದಾರರ ಮೈಮೇಲಿರಬೇಕು. ಎರಡನೆಯ ಕೀಲಿಕೈ ಬ್ಯಾಂಕ್ ಲಾಕರಿನಲ್ಲಿರಲಿ.

ಕಪಾಟಿನ ಮಾತೆತ್ತಿದ ದಿನ ಮಾವನವರಿಗೆ ಬೇಸರವಾಯಿತು. "ನಲವತ್ತು ವರ್ಷ ಬಾಗಿಲ ಹಿಂದೆ ಒರಗಿಸಿಟ್ಟಿದ್ದೆ. ನನ್ನ ಕೋವಿ ಈಗ ಭಾರ ಆಯ್ತೇನಮ್ಮಾ?" ಅಂದರು. "ಇಲ್ಲ ಮಾವ, ಅಲ್ಲಿ ಬಾಗಿಲ ಹಿಂದೆ ನೀವೇ ಇರ್ತಿದ್ರಿ. ಇಲ್ಲಿ ಮಕ್ಕಳು ಇರ್ತಾರೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ಕುದುರೆ ಎಳೆದನಾ?" ಎಂದು ಕೇಳಿದರು. ಹೂಂ ಎಂದೆ. ಮರುದಿನ ಅವರೇ ಯಜಮಾನರ ಜೊತೆ ಪೀಣ್ಯಕ್ಕೆ ಹೊರಟರು. ಈಗ ಕೀಲಿಕೈ ಅವರ ಉಡಿದಾರದಲ್ಲಿದೆ.

ಇನ್ನೊಂದು ಪ್ರಶ್ನೆಯನ್ನೂ ಧೈರ್ಯ ಮಾಡಿ ಕೇಳಿದೆ. ನೀವೂ ಕೇಳಿಡಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ನೆನಪಿಗೆಂದು ಅಟ್ಟದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕು. ಮಕ್ಕಳಿಗೆ ಬೇಕೆಂದರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರಿಗೆ ಲೈಸೆನ್ಸಿಗಾಗಿ ಅರ್ಜಿ ಹಾಕಬೇಕು. ಮಾವನವರು ಲೈಸೆನ್ಸು ಪುಸ್ತಕದೊಳಗೆ ಒಂದು ಚೀಟಿ ಬರೆದಿಟ್ಟಿದ್ದಾರೆ: "ನನ್ನ ನಂತರ ಠಾಣೆಗೆ ಕೊಡುವುದು. ಮನೆಯಲ್ಲಿ ಬೇಡ."

ನಾದಿನಿಯ ಮಗ ದಸರಾ ರಜೆಗೆ ಮತ್ತೆ ಬಂದಿದ್ದ. ಬಂದವನೇ ಬೀರು ತೆಗೆದು ಮೊಬೈಲು ಹುಡುಕಿದ. ಸಿಕ್ಕಿದ್ದು ನನ್ನ ಸೀರೆಗಳು ಮಾತ್ರ.

ಮುಂದಿನ ಸಂಚಿಕೆಯಲ್ಲಿ ಆ ಸೀರೆಗಳಿಗೆ ಹುಳು ಬೀಳದ ಹಾಗೆ ಏನು ಮಾಡಬೇಕೆಂದು ಬರೆಯುತ್ತೇನೆ. ಅಷ್ಟರೊಳಗೆ ನಿಮ್ಮ ಮನೆಯ ಕೋವಿ ಎಲ್ಲಿದೆ, ಅದರ ಕೀಲಿಕೈ ಎಲ್ಲಿದೆ ಅಂತ ಒಮ್ಮೆ ಕೇಳಿಬಿಡಿ. ಮನೆಯ ಮಕ್ಕಳಿಗೂ ಉತ್ತರ ಗೊತ್ತಿದ್ದರೆ, ನಾಳೆಯೇ ಟೇಪು ಹಿಡಿಯಿರಿ.