ಡೆಂಟಲ್ ಚೇರಿನ ಪಕ್ಕ ನಿಂತವಳಿಗೆ ಏಣಿ ಎಲ್ಲಿದೆ?

ಮಂಗಳೂರಿನ ಜ್ಯೋತಿ ಸರ್ಕಲ್‌ನಿಂದ ಬಲ್ಮಠದ ಕಡೆ ನಡೆದರೆ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ದಂತ ಕ್ಲಿನಿಕ್‌ಗಳ ಬೋರ್ಡು ಕಾಣುತ್ತವೆ. ಬೋರ್ಡಿನಲ್ಲಿ ಡಾಕ್ಟರ ಹೆಸರು, ಪಕ್ಕದಲ್ಲಿ ಬಿಡಿಎಸ್ ಅಥವಾ ಎಂಡಿಎಸ್. ಒಳಗೆ ಹೋದರೆ ಮೊದಲು ಮಾತಾಡಿಸುವುದು ಮಾತ್ರ ಬೋರ್ಡಿನಲ್ಲಿ ಹೆಸರಿಲ್ಲದ ಒಬ್ಬ ಹೆಣ್ಣುಮಗಳು. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದು ಆಕೆ. ತುಳುವಿನಲ್ಲಿ ನೋವು ಹೇಳುವ ಅಜ್ಜಿಯ ಮಾತನ್ನು ಹೊರಗಿನಿಂದ ಬಂದ ಡಾಕ್ಟರಿಗೆ ಅರ್ಥ ಮಾಡಿಸುವುದು ಆಕೆ. ಸಕ್ಷನ್ ಹಿಡಿಯುವುದು, ಸಿಮೆಂಟ್ ಕಲಸುವುದು, ಬಳಸಿದ ಸಲಕರಣೆ ತೊಳೆದು ಆಟೋಕ್ಲೇವ್‌ಗೆ ಹಾಕುವುದು, ಸೂಜಿಯನ್ನು ಸರಿಯಾದ ಡಬ್ಬಿಗೆ ಸೇರಿಸುವುದು ಎಲ್ಲ ಆಕೆಯದೇ ಕೆಲಸ. ರೋಗಿಗಳು ‘ಸಿಸ್ಟರ್’ ಅಂತಾರೆ. ಆದರೆ ಆಕೆ ನರ್ಸ್ ಅಲ್ಲ. ಹಾಗಾದರೆ ಏನು? ನಮ್ಮ ಕಾನೂನಿನ ಹತ್ರ ಈ ಪ್ರಶ್ನೆಗೆ ಬಹಳ ಕಾಲ ಉತ್ತರವೇ ಇರಲಿಲ್ಲ.

1948ರ ದಂತವೈದ್ಯರ ಕಾಯ್ದೆ ಗುರುತಿಸಿದ್ದು ಮೂರು ಬಗೆಯ ಜನರನ್ನು: ದಂತವೈದ್ಯರು, ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್‌ಗಳು, ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಮೆಕ್ಯಾನಿಕ್‌ಗಳು. ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್ ಆಗಲು ಎರಡು ವರ್ಷದ ಡಿಪ್ಲೊಮಾ ಇದೆ, ನೋಂದಣಿ ಇದೆ. ಚೇರಿನ ಪಕ್ಕ ದಿನವಿಡೀ ನಿಲ್ಲುವ ಸಹಾಯಕಿ ಈ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ, ಯಾರನ್ನು ಬೇಕಾದರೂ ಸೋಮವಾರ ಸೇರಿಸಿಕೊಂಡು ಮಂಗಳವಾರದಿಂದ ಚೇರಿನ ಪಕ್ಕ ನಿಲ್ಲಿಸಬಹುದು. ಕಲಿಕೆ ಅಂದರೆ ಹಳೆಯ ಸಹಾಯಕಿ ಮಾಡುವುದನ್ನು ನೋಡಿ ಕಲಿಯುವುದು, ಅಷ್ಟೇ.

ಕಲಿಸುವ ಜಾಗ ಇಲ್ಲ ಅಂತ ಮಂಗಳೂರಿನಲ್ಲಿ ಯಾರೂ ಹೇಳುವ ಹಾಗಿಲ್ಲ. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಮಣಿಪಾಲ್ ದಂತ ಕಾಲೇಜಿದೆ. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೇನೆಪೋಯ, ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ್. ಒಂದೇ ನಗರದ ಸುತ್ತ ಐದು ದಂತ ಕಾಲೇಜು! ಇದೇ ಬಲ್ಮಠದಲ್ಲಿ ಸರ್ಕಾರಿ ಮಹಿಳಾ ಪದವಿ ಕಾಲೇಜೂ ಇದೆ. ಕಲಿಸಬಲ್ಲವರೂ ಕಲಿಯಬೇಕಾದವರೂ ಬಸ್ಸಿನ ಒಂದೇ ರೂಟಿನಲ್ಲಿ ಓಡಾಡುತ್ತಿದ್ದಾರೆ. ನಡುವೆ ಸೇತುವೆ ಮಾತ್ರ ಇಲ್ಲ.

ಕೋರ್ಸುಗಳೇ ಇಲ್ಲ ಅಂತಲೂ ಅಲ್ಲ. ‘ಡೆಂಟಲ್ ಆಪರೇಟಿಂಗ್ ರೂಮ್ ಅಸಿಸ್ಟೆಂಟ್’ ಎಂಬ ಕೋರ್ಸ್ ಇದೆ. ಕೇಂದ್ರದ ಕೌಶಲ ವ್ಯವಸ್ಥೆಯಲ್ಲಿ ‘ಡೆಂಟಲ್ ಅಸಿಸ್ಟೆಂಟ್’ ಎಂಬ ಉದ್ಯೋಗ ಪಾತ್ರವೂ ಇದೆ. ಆದರೆ ಸರ್ಟಿಫಿಕೇಟ್ ಇರಲಿ ಬಿಡಲಿ ಕೆಲಸ ಸಿಗುತ್ತೆ, ಸಂಬಳವೂ ಹೆಚ್ಚುಕಡಿಮೆ ಅಷ್ಟೇ ಅಂತಾದರೆ, ದುಡ್ಡು ಕಟ್ಟಿ ಒಂದು ವರ್ಷ ಯಾಕೆ ಓದಬೇಕು? ಈ ಲೆಕ್ಕ ಆ ಹುಡುಗಿಗೂ ಗೊತ್ತು, ಕ್ಲಿನಿಕ್ ಮಾಲೀಕರಿಗೂ ಗೊತ್ತು.

ಇದು ಬರೀ ಕರಿಯರ್ ಪ್ರಶ್ನೆಯಲ್ಲ, ಜೀವದ ಪ್ರಶ್ನೆಯೂ ಹೌದು. ದಂತ ಕ್ಲಿನಿಕ್ ಅಂದರೆ ರಕ್ತ, ಜೊಲ್ಲು, ಸೂಜಿ. ಆಟೋಕ್ಲೇವ್ 121 ಡಿಗ್ರಿ ಮುಟ್ಟಿ, ಅಲ್ಲಿ ಕನಿಷ್ಠ 15 ನಿಮಿಷ ನಿಂತರೇ ಸಲಕರಣೆ ಸುರಕ್ಷಿತ. ಹೊರಗೆ ಜನ ಕಾಯ್ತಿದ್ದಾರೆ ಅಂತ ಬೇಗ ತೆಗೆದರೆ ಹೆಪಟೈಟಿಸ್ ಬಿ ವೈರಸ್ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಬಹುದು. ಇದರ ‘ಯಾಕೆ’ ಗೊತ್ತಿಲ್ಲದವರಿಗೆ ‘ಹೇಗೆ’ ಮಾತ್ರ ಹೇಳಿಕೊಟ್ಟರೆ ಸಾಲದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ಸಣ್ಣ ಕ್ಲಿನಿಕ್ ಆದರೂ ಸಿಬ್ಬಂದಿಗೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಮುಂದಿನ ಸಲ ಹಲ್ಲು ತೋರಿಸಲು ಹೋದಾಗ ಸಿಸ್ಟರ್ ಹತ್ರ ಕೇಳಿ ನೋಡಿ: ನಿಮಗೆ ಲಸಿಕೆ ಹಾಕಿಸಿದ್ದಾರಾ?

ಉಳಿದ ಭದ್ರತೆಯ ಕತೆಯೂ ಇಷ್ಟೇ. ಇಎಸ್‌ಐ ಬರಬೇಕಾದರೆ ಹತ್ತು ಜನ ಕೆಲಸಗಾರರು ಬೇಕು, ಪಿಎಫ್‌ಗೆ ಇಪ್ಪತ್ತು. ಒಬ್ಬ ಡಾಕ್ಟರ್, ಇಬ್ಬರು ಸಹಾಯಕಿಯರಿರುವ ಕ್ಲಿನಿಕ್ ಎರಡಕ್ಕೂ ಸಿಗುವುದಿಲ್ಲ. ಯುವನಿಧಿ ಇರುವುದು ಪದವಿ, ಡಿಪ್ಲೊಮಾ ಮುಗಿಸಿದವರಿಗೆ, ಪಿಯುಸಿಗೆ ನಿಲ್ಲಿಸಿದವಳಿಗಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮಂಗಳೂರಿನ ಸಿಟಿ ರೂಟುಗಳಲ್ಲಿ ಹೆಚ್ಚು ಓಡುವುದೇ ಖಾಸಗಿ ಬಸ್ಸು. ದಿನಾ ಟಿಕೆಟ್ ದುಡ್ಡು ಆಕೆಯ ಸಂಬಳದಿಂದಲೇ ಹೋಗಬೇಕು.

ನಾನು ಇಂಜಿನಿಯರಿಂಗ್ ಓದಿದವನು. ನಮ್ಮ ಮೂರನೇ ಸೆಮಿಸ್ಟರ್‌ಗೆ ಡಿಪ್ಲೊಮಾ ಮುಗಿಸಿದ ಹುಡುಗರು ಬಂದು ಸೇರಿಕೊಂಡಿದ್ದರು. ಲ್ಯಾಬ್‌ನಲ್ಲಿ ಅವರ ಕೈ ನಮಗಿಂತ ಚೆನ್ನಾಗಿ ಓಡುತ್ತಿತ್ತು. ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾದವನು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಬರಬಹುದು. ಏರುವುದು ಕಷ್ಟ, ಆದರೆ ಏಣಿ ಅಂತ ಒಂದಿದೆ. ದಂತ ಕ್ಲಿನಿಕ್‌ನಲ್ಲಿ ಹತ್ತು ವರ್ಷ ದುಡಿದವಳು ಹೈಜೀನಿಸ್ಟ್ ಆಗಬೇಕಾದರೆ ಆ ಹತ್ತು ವರ್ಷಕ್ಕೆ ಒಂದು ದಿನದ ಬೆಲೆಯೂ ಇಲ್ಲ, ಸೊನ್ನೆಯಿಂದಲೇ ಶುರು ಮಾಡಬೇಕು. ಬ್ರಿಟನ್‌ನಲ್ಲಿ ಇದೇ ಕೆಲಸ ಮಾಡುವವರನ್ನು ‘ಡೆಂಟಲ್ ನರ್ಸ್’ ಅಂತಾರೆ. 2008ರಿಂದ ಅಲ್ಲಿ ಅವರಿಗೆ ನೋಂದಣಿ ಕಡ್ಡಾಯ. ಗಲ್ಫ್‌ಗೆ ಹೋಗಲು ಆಸೆಪಡುವ ನಮ್ಮ ಕರಾವಳಿಯ ಹುಡುಗಿಗೆ ಅಲ್ಲಿಯವರು ಮೊದಲು ಕೇಳುವುದೂ ಸರ್ಟಿಫಿಕೇಟನ್ನೇ. ಅನುಭವ ಎಷ್ಟಿದ್ದರೂ ಕಾಗದ ಇಲ್ಲದಿದ್ದರೆ ಬಾಗಿಲು ಮುಚ್ಚಿದ ಹಾಗೆ.

ಡಾಕ್ಟರ್‌ಗಳ ವಾದವನ್ನೂ ಕೇಳಬೇಕು. ಹೊಸದಾಗಿ ಬಿಡಿಎಸ್ ಮುಗಿಸಿದವರಿಗೇ ಸಂಬಳ ಕಡಿಮೆ, ಬಾಡಿಗೆ, ಚೇರಿನ ಸಾಲ, ಮೇಲೆ ಇದೂ ಯಾಕೆ ಅಂತಾರೆ. ಅದು ಸುಳ್ಳಲ್ಲ. ಕಲಿಸಿದರೆ ಬಿಟ್ಟು ಹೋಗ್ತಾಳೆ ಅಂತಾರೆ. ಕಲಿಸದಿದ್ದರೂ ಬಿಟ್ಟು ಹೋಗುತ್ತಾರೆ, ಬಟ್ಟೆ ಅಂಗಡಿಯಲ್ಲಿ ಐನೂರು ಹೆಚ್ಚು ಕೊಟ್ಟರೆ ಸಾಕು. ಇನ್ನೊಂದು ಭಯ, ಕಲಿತವರೇ ನಾಳೆ ನಕಲಿ ಡಾಕ್ಟರ್ ಆಗ್ತಾರೆ ಅನ್ನೋದು. ಯಾರು ಏನು ಮಾಡಬಹುದು, ಏನು ಮಾಡಬಾರದು ಎಂದು ನೋಂದಣಿಯಲ್ಲೇ ಬರೆದಿಟ್ಟರೆ ಹಿಡಿಯುವುದು ಸುಲಭ. ಬರೆದಿಡದೇ ಇದ್ದಾಗಲೇ ನಕಲಿಗೆ ಜಾಗ ಸಿಗುವುದು.

1948ರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಪಾಸ್ ಮಾಡಿತು. ಅದರಲ್ಲಿ ‘ಡೆಂಟಲ್ ಆಕ್ಸಿಲಿಯರಿ’, ಅಂದರೆ ದಂತ ಸಹಾಯಕ ಸಿಬ್ಬಂದಿಯ ನೋಂದಣಿಯ ಮಾತಿದೆ. ಬಾಗಿಲು ತುಸು ತೆರೆದಿದೆ. ರಾಜ್ಯ ಮಾಡಬೇಕಾದ್ದು ಮೂರು ಕೆಲಸ. ಐದು ಕಾಲೇಜುಗಳಲ್ಲಿ ಸ್ಟೈಪೆಂಡ್ ಸಹಿತ ಒಂದು ವರ್ಷದ ಅಪ್ರೆಂಟಿಸ್ ತರಬೇತಿ. ಈಗಾಗಲೇ ದುಡಿಯುತ್ತಿರುವವರಿಗೆ ಪರೀಕ್ಷೆ ಮಾಡಿ ಅನುಭವಕ್ಕೇ ಸರ್ಟಿಫಿಕೇಟ್. ಆ ಸರ್ಟಿಫಿಕೇಟ್ ಇದ್ದವರಿಗೆ ಹೈಜೀನಿಸ್ಟ್ ಡಿಪ್ಲೊಮಾದಲ್ಲಿ ನೇರ ಎರಡನೇ ವರ್ಷ. ಇದಕ್ಕೆ ಹೊಸ ಕಟ್ಟಡವೇನೂ ಬೇಡ.

ಕರಾವಳಿಗೆ ಇದು ಹೊಸತೂ ಅಲ್ಲ. 1841ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದಾಗ, ಆಮೇಲೆ ನೇಯ್ಗೆ, ಹೆಂಚಿನ ಕಾರ್ಖಾನೆ ಶುರುಮಾಡಿದಾಗ ಇಲ್ಲಿಯ ಜನ ದುಡಿಯುತ್ತಲೇ ಕಸುಬು ಕಲಿತರು, ಕಲಿತ ಕಸುಬೇ ಅವರ ಗುರುತಾಯಿತು. ಅದೇ ಊರಿನಲ್ಲಿ ಇವತ್ತು ನಮ್ಮ ಹಲ್ಲಿನ ಆರೋಗ್ಯವನ್ನು ಕೈಯಲ್ಲಿ ಹಿಡಿದವಳಿಗೆ ಒಂದು ಹೆಸರು, ಒಂದು ಸರ್ಟಿಫಿಕೇಟ್, ಒಂದು ಲಸಿಕೆ ಕೊಡಲು ನಮ್ಮಿಂದ ಆಗುವುದಿಲ್ಲವೇ?