ಗುಳಿಗೆ ವಿವರಿಸುವುದೂ ಒಂದು ಪಾಠವೇ

‘ತಿಳಿಯಿತೇ?’ ಎಂದು ಕೇಳುವುದು ಮೌಲ್ಯಮಾಪನವಲ್ಲ ಎಂಬುದನ್ನು ಸೂಕ್ಷ್ಮ ಬೋಧನೆಯ ಮೊದಲ ವಾರದಲ್ಲೇ ನಮಗೆ ಹೇಳಿಕೊಡುತ್ತಾರೆ. ಇಡೀ ತರಗತಿ ‘ಹೂಂ’ ಎನ್ನುತ್ತದೆ. ಕಲಿಕೆ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಈ ತಿಳಿವಳಿಕೆ ಹಳ್ಳಿಯ ಹಿರಿಯರಿಗೆ ಪ್ರಾಥಮಿಕ ಆರೈಕೆ ನೀಡುವ ನರ್ಸ್‌ಗಳ ತರಬೇತಿಗೂ ಬೇಕು ಎಂಬುದು ನನ್ನ ಅಭಿಪ್ರಾಯ.

2018ರಿಂದ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು. ಬಯಲು ಪ್ರದೇಶದಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬುದು ಮಾನದಂಡ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ನರ್ಸಿಂಗ್ ಓದಿ, ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಮುಗಿಸಿದವರಿದ್ದಾರೆ. ಬಿ.ಪಿ., ಶುಗರ್ ತಪಾಸಣೆಯ ಜೊತೆಗೆ ವೃದ್ಧರ ಆರೈಕೆಯೂ ಅವರ ಹೊಣೆ.

ತಿಕೋಟಾ ಭಾಗದಲ್ಲಿ ದ್ರಾಕ್ಷಿ ಕೆಲಸ ಜೋರಾದಾಗ ದುಡಿಯುವವರು ತೋಟದಲ್ಲಿರುತ್ತಾರೆ, ಮನೆಯಲ್ಲಿ ಹಿರಿಯರಷ್ಟೇ. ಬಿ.ಪಿ. ಗುಳಿಗೆ, ಶುಗರ್ ಗುಳಿಗೆ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆ ಎಲ್ಲ ಒಂದೇ ಚೀಲದಲ್ಲಿ. ಓದಲು ಬಾರದವರು ಬಣ್ಣ ನೋಡಿ ನುಂಗುತ್ತಾರೆ. ಮುಂದಿನ ತಿಂಗಳು ಬೇರೆ ಕಂಪನಿಯದು ಬಂದರೆ ಬಣ್ಣವೇ ಬೇರೆ. ಕೆಲವು ಶುಗರ್ ಗುಳಿಗೆ ನುಂಗಿ ಊಟ ಬಿಟ್ಟರೆ ತಲೆ ಸುತ್ತಿ ಬೀಳಬಹುದು. ನೋವಿನ ಗುಳಿಗೆ ಅತಿಯಾದರೆ ಮೂತ್ರಪಿಂಡಕ್ಕೆ ಪೆಟ್ಟು. ‘ಗೊತ್ತಾತೇನ್ರಿ ಆಯಿ?’ ಎಂದರೆ ‘ಹೂನವ್ವ’ ಎಂಬ ಉತ್ತರ ಬಂದೇ ಬರುತ್ತದೆ. ‘ಆಯಿ, ರಾತ್ರಿ ತಗೊಳ್ಳೋ ಗುಳಿಗಿ ಯಾವುದು, ತೋರಸ್ರಿ’ ಎಂದಾಗಲೇ ನಿಜ ತಿಳಿಯುವುದು.

ನರ್ಸಿಂಗ್ ವಿದ್ಯಾರ್ಥಿಗಳೂ ಆರೋಗ್ಯ ಶಿಕ್ಷಣ ನೀಡುತ್ತಾರೆ, ಚಾರ್ಟ್ ಬರೆಯುತ್ತಾರೆ. ಆದರೆ ಗುಂಪಿಗೆ ಹೇಳುವುದು ಬೇರೆ, ಕಿವಿ ಮಂದವಾದ ಒಬ್ಬ ಅಜ್ಜನಿಗೆ ಹೇಳುವುದು ಬೇರೆ. ಎರಡು ವರ್ಷದ ಬಿ.ಇಡಿ.ಯಲ್ಲಿ ನಮಗೆ 20 ವಾರಗಳ ಶಾಲಾ ಅನುಭವವಿದೆ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ಹಿಮ್ಮಾಹಿತಿ ಬರೆಯುತ್ತಾರೆ. ಹಾಗೆಯೇ ಹಿರಿಯರ ಮನೆಭೇಟಿಯನ್ನೂ ಒಬ್ಬ ಅನುಭವಿ ವೀಕ್ಷಿಸಲಿ. ಒಮ್ಮೆಗೆ ಒಂದೇ ವಿಷಯ ಹೇಳಿದರೇ? ಹಿರಿಯರು ತಾವೇ ಮಾಡಿ ತೋರಿಸಿದರೇ? ಮರುಭೇಟಿಯಲ್ಲಿ ಮತ್ತೆ ಪರೀಕ್ಷಿಸಿದರೇ? ಈ ಮೂರು ಪ್ರಶ್ನೆಗಳ ವೀಕ್ಷಣಾ ಪಟ್ಟಿ ಸಾಕು.

ರಿಜಿಸ್ಟರ್, ಆನ್‌ಲೈನ್ ನಮೂದುಗಳ ನಡುವೆ ಇದಕ್ಕೆಲ್ಲ ವೇಳೆ ಎಲ್ಲಿದೆ ಎಂಬ ಆಕ್ಷೇಪ ಸಹಜ. ಅದಕ್ಕೇ ತರಬೇತಿಯ ದಿನಗಳಲ್ಲೇ ಇದು ರೂಢಿಯಾಗಬೇಕು. ರೂಢಿಯಾದರೆ ಐದು ನಿಮಿಷದ ಕೆಲಸ.

ನಮ್ಮ ಕಾಲೇಜುಗಳೂ ಕೈಜೋಡಿಸಬಹುದು. ಸೂಕ್ಷ್ಮ ಬೋಧನೆಯ ವಾರದಲ್ಲಿ ಒಂದು ದಿನ ವಿಜಯಪುರದ ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆಯೋಣ. ಪ್ರಶ್ನಿಸುವ ಕೌಶಲವನ್ನು ಅವರು ನಮ್ಮಿಂದ ನೋಡಲಿ. ನಿಧಾನವಾಗಿ ಕಲಿಯುವವರೊಡನೆ ಇರಬೇಕಾದ ತಾಳ್ಮೆಯನ್ನು ನಾವು ಅವರಿಂದ ಕಲಿಯೋಣ.